ಪೊಳ್ಳಿನ ಲೆಕ್ಕ

ಬೈಕಂಪಾಡಿಯ ಮಿಲ್ಲಿನಲ್ಲಿ ನನ್ನದು ಅಳೆಯುವ ಕೆಲಸ.
ಪಣಂಬೂರಿನ ಧಕ್ಕೆಯಿಂದ ಲಾರಿ ಬರುತ್ತದೆ,
ಲಾರಿಯಿಂದ ದಿಮ್ಮಿ ಉರುಳುತ್ತದೆ,
ಟೇಪು ಸುತ್ತಿ ಕೂಗುತ್ತೇನೆ: ಉದ್ದ, ಸುತ್ತಳತೆ,
ಸಿಪ್ಪೆಗೆ ಎರಡಿಂಚು ಬಿಡು,
ಪೊಳ್ಳಿದ್ದರೆ ಪೊಳ್ಳು ಕಳೆ.
ಇಪ್ಪತ್ತೆರಡು ವರ್ಷ
ಗಾಳಿಗೆ ದುಡ್ಡು ಹೋಗದಂತೆ ಕಾದದ್ದೇ ನನ್ನ ನಿಯತ್ತು.

ಆ ಮಂಗಳವಾರ, ನಾನೂರ ಹದಿನೇಳನೆಯ ದಿಮ್ಮಿ.
ಬುಡಕ್ಕೆ ಕೆಂಪು ಬಣ್ಣದಲ್ಲಿ ಸರವಾಕಿನ ಗುರುತು,
ಗಂಟು ಬಿಚ್ಚಿದಲ್ಲಿ ಮುಷ್ಟಿ ಹೋಗುವ ತೂತು.
ಕೋಲು ಹಾಕಿದೆ. ಒಂದು ಮೊಳ ಇಳಿಯಿತು.
ಕೂಗಲು ಬಾಯಿ ತೆರೆದೆ.
ಕೋಲಿನ ತುದಿಗಂಟಿ ಬಂತು
ನಾರು, ಒಣಪಾಚಿ, ಯಾವುದೋ ಮರದ ಹತ್ತಿ,
ಅದರೊಳಗೆ ಸುತ್ತಿಟ್ಟ ಹಾಗೆ

ಇಲಿ, ಅಂದುಕೊಂಡೆ.
"ಚಣಿಲ್‌ದ ಕಿನ್ನಿ" ಎಂದಳು ಸಿಪ್ಪೆ ಹೆರೆಯುವ ದೇಯಿ.
"ಗಿಲಹರಿ" ಎಂದ ಕ್ರೇನಿನ ಬುಧುವಾ, "ಬಚ್ಚಾ."
ಬಾವುಂಞಿ ಬ್ಯಾರಿ ಮಾತ್ರ ಗರಗಸ ನಿಲ್ಲಿಸಿ ಬಂದು
ಉಗುರಿನಿಂದ ತುಟಿ ಸರಿಸಿ ನೋಡಿದರು:
"ಹಲ್ಲು ತೇದಿದೆ ಮಾರಾಯ್ರೆ. ಮರಿಯಲ್ಲ ಇದು.
ಇದರಲ್ಲಿ ದೊಡ್ಡದು ಅಂದ್ರೆ ಇಷ್ಟೇ."

ಹೆಬ್ಬೆರಳು ಪಕ್ಕಕ್ಕಿಟ್ಟೆ. ಹೆಬ್ಬೆರಳೇ ತುಸು ದಪ್ಪ.
ಬಾಲ, ಬಾಡಿದ ಹುಲ್ಲಿನ ತೆನೆ.
ಕಾಲು ನಾಲ್ಕೂ ಇನ್ನೂ ಮರವನ್ನೇ ತಬ್ಬಿದ್ದವು
ನನ್ನ ಅಂಗೈಯಲ್ಲಿ.

ಕಡತದಲ್ಲಿ ಪತ್ರವೊಂದಿದೆ, ಹಡಗಿನ ಜೊತೆ ಬಂದದ್ದು:
ಸರಕಿಗೆ ವಿಷದ ಹೊಗೆ ಹಾಕಲಾಗಿದೆ,
ಜೀವವಿರುವ ಯಾವುದೂ ಇದರಲ್ಲಿಲ್ಲ.
ನೀಲಿ ಮೊಹರು, ಸಹಿ.
ತೂತು ಹೊಡೆದು ದಾರ ಕಟ್ಟಿಟ್ಟವನು ನಾನೇ.
ಪತ್ರ ಸುಳ್ಳು ಹೇಳಿಲ್ಲ.

ದೇಯಿ ಬೆನ್ನು ಸವರಿ ಹುಡುಕಿದಳು, ಗೀಟಿಲ್ಲ.
ನಮ್ಮ ಕಾಂಪೌಂಡಿನವಕ್ಕೆ ಮೂರು ಮೂರು ಗೀಟು,
ಮರಳು ಹೊತ್ತದ್ದಕ್ಕೆ ದೇವರ ಬೆರಳು ಕೊಟ್ಟ ರಶೀದಿ.
ಇದು ಆ ಕೆಲಸಕ್ಕೆ ಹೋದದ್ದಲ್ಲ.
ಇದರ ದ್ವೀಪಕ್ಕೆ ಯಾರೂ ಸೇತುವೆ ಕಟ್ಟಲಿಲ್ಲ,
ಹಗ್ಗ ಕಟ್ಟಿದರು, ಸರಪಳಿ ಕಟ್ಟಿದರು.
ಕಡಲೆಂದರೇನೆಂದು ತಿಳಿಯದೆಯೇ
ಮನೆಯೊಳಗೆ ಕೂತು
ಕಡಲು ದಾಟಿತು.

ಅಲ್ಲಿ ಇದಕ್ಕೊಂದು ಹೆಸರಿದ್ದಿರಬೇಕು,
ಮಕ್ಕಳು ಕತ್ತೆತ್ತಿ ಕೂಗುವಂಥದ್ದು,
ಬಹುಶಃ ಎರಡೇ ಅಕ್ಷರ.
ನಮ್ಮಲ್ಲಿರುವ ಇಷ್ಟೂ ಭಾಷೆ ಒಟ್ಟು ಮಾಡಿದರೂ
ಅಳಿಲಿನ ಮುಂದೆ ಒಂದು 'ಸಣ್ಣ' ಸೇರಿಸುವುದಷ್ಟೇ ಆಯಿತು.

ಊಟದ ಸೈರನ್ ಕೂಗಿತು.
ಗೋಡೆ ಬದಿಯ ಪೊನ್ನೆ ಮರದ ಬುಡದಲ್ಲಿ
ಬಾವುಂಞಿ ಬ್ಯಾರಿ ಬುತ್ತಿಯ ಚಮಚದಿಂದ ಗುಂಡಿ ತೋಡಿದರು.
ಹತ್ತಿ, ಪಾಚಿ, ನಾರು, ಎಲ್ಲ ಜೊತೆಗೇ ಹಾಕಿದೆವು,
ಅದರ ಸಾಮಾನು ಅದಕ್ಕಿರಲಿ ಎಂದು.
ಮೇಲೆ ಊರ ಅಳಿಲೊಂದು ಒಂದೇ ಸಮನೆ ಬೈಯುತ್ತಿತ್ತು,
ನಮ್ಮನ್ನೋ, ಬೆಕ್ಕನ್ನೋ.
ಬುಧುವಾ ಚಮಚ ತೊಳೆದುಕೊಟ್ಟ.

ಸಂಜೆ ಕಿಣಿ ಮಾಮ್ ಪುಸ್ತಕ ತಿರುವಿ ಬೆರಳಿಟ್ಟರು:
"ನಾನೂರ ಹದಿನೇಳು. ತೂತು ಗೇಟಿನಿಂದಲೇ ಕಾಣ್ತದೆ.
ಪೊಳ್ಳು ಕಳೆದಿಲ್ಲ ಯಾಕೆ?"
"ಪೊಳ್ಳಿರಲಿಲ್ಲ" ಎಂದೆ.
ಕನ್ನಡಕ ತೆಗೆದರು, ಒರೆಸಿದರು,
ಮತ್ತೆ ಹಾಕಿ ನನ್ನನ್ನೇ ನೋಡಿದರು.
ಆರುನೂರ ನಲವತ್ತು ರೂಪಾಯಿ
ಆ ತಿಂಗಳ ಸಂಬಳದಲ್ಲಿ ಹಿಡಿದರು. ಸರಿಯೇ.
ಅವರ ಲೆಕ್ಕದಲ್ಲಿ ತಪ್ಪಿಲ್ಲ.

ನಾನೂರ ಹದಿನೆಂಟರಿಂದ ಈಚೆಗೆ
ಕೋಲಿಗಿಂತ ಮೊದಲು ಕೈ ಇಳಿಸುತ್ತೇನೆ,
ಮೆಲ್ಲಗೆ, ತೊಟ್ಟಿಲೊಳಗೆ ತಡವುವ ಹಾಗೆ.
ಹುಡಿ ಸಿಗುತ್ತದೆ. ಕೆಲವೊಮ್ಮೆ ಇರುವೆಯ ರೆಕ್ಕೆ.
ಕೈ ಒರೆಸಿ ಕೂಗುತ್ತೇನೆ:
ಪೊಳ್ಳು,
ಒಂಬತ್ತಿಂಚು.